ಪಟ್ಟಿ ಬದಿಗಿಡು, ವಾಕ್ಯ ಓದು

ಬದಿಯಡ್ಕ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ವಿದೇಶದಲ್ಲಿ ಮುಂದಿನ ಓದಿಗೆಂದು ಬರೆಯುವ ಜಿಆರ್‌ಇ ಪರೀಕ್ಷೆಗೆ ದಿನಾ 50 ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದೀಯಂತೆ. ನಿನ್ನ ಅಮ್ಮ ಫೋನಿನಲ್ಲಿ ಹೆಮ್ಮೆಯಿಂದಲೇ ಹೇಳಿದಳು. ನನಗೆ ಮಾತ್ರ ಅಷ್ಟೇನೂ ಖುಷಿಯಾಗಲಿಲ್ಲ. ಒಂದು ಪದ ಕೊಟ್ಟು ಅದರ ವಿರುದ್ಧ ಪದ ಕೇಳುವ ಪ್ರಶ್ನೆಗಳನ್ನು ಆ ಪರೀಕ್ಷೆಯಿಂದ 2011ರಲ್ಲೇ ತೆಗೆದಿದ್ದಾರೆ. ಈಗ ಪದ ಬರುವುದು ವಾಕ್ಯದ ಒಳಗೆ. ಪದ ಕಲಿಯಬೇಡ ಎನ್ನುತ್ತಿಲ್ಲ ಮಾರಾಯ, ಆದರೆ ಸುಮ್ನೆ ಪಟ್ಟಿ ಉರು ಹೊಡೆದರೆ ಸಾಲದು.

ಖಾಲಿ ಜಾಗದ ಪ್ರಶ್ನೆ ಬಂದಾಗ ಆಯ್ಕೆಗಳನ್ನು ಮೊದಲು ನೋಡಲೇಬೇಡ. ಮನೆಯಲ್ಲಿ ಅಭ್ಯಾಸ ಮಾಡುವಾಗ ಕೈಯಿಂದ ಮುಚ್ಚಿಕೋ. ವಾಕ್ಯ ಪೂರ್ತಿ ಓದಿ, ಅಲ್ಲಿಗೆ ನಿನ್ನದೇ ಒಂದು ಪದ ಹಾಕು. ಕನ್ನಡದ್ದಾದರೂ ಸರಿ, ತುಳುವಾದರೂ ಸರಿ. ಆಮೇಲೆ ಅದಕ್ಕೆ ಹತ್ತಿರದ್ದು ಹುಡುಕು.

ಒಂದು ವಾಕ್ಯದ ಸಾರ ಹೀಗಿದೆ ಎಂದುಕೋ: ಮಾತುಗಾತಿ ಎಂದು ಹೆಸರಾದ ವಕೀಲೆ ಆ ಸಭೆಯಲ್ಲಿ ಮಾತ್ರ ಡ್ಯಾಶ್ ಆಗಿದ್ದಳು, ನೇರವಾಗಿ ಕೇಳಿದ್ದಕ್ಕೂ ತಲೆಯಾಡಿಸಿ ಸುಮ್ಮನಾದಳು. ಆಯ್ಕೆಗಳಲ್ಲಿ ಗ್ಯಾರುಲಸ್, ಇಂಡಿಗ್ನಂಟ್, ಟ್ಯಾಸಿಟರ್ನ್ ಇವೆ. ಮೊದಲೇ ಇವನ್ನು ನೋಡಿದರೆ ವಕೀಲೆ, ಮಾತು ಎಂದ ಕೂಡಲೇ ವಾಚಾಳಿ ಎಂಬ ಅರ್ಥದ ಗ್ಯಾರುಲಸ್ ಕಣ್ಣಿಗೆ ಬೀಳುತ್ತದೆ. ಸಿಟ್ಟು ಬಂದಿರಬಹುದು ಎಂದು ಇಂಡಿಗ್ನಂಟ್ ಕೂಡ ಸರಿ ಕಾಣುತ್ತದೆ. 'ಮಾತ್ರ' ಎಂಬಲ್ಲಿ ವಾಕ್ಯ ತಿರುಗಿತು, ಅಲ್ವಾ? ಮುಂದಿನ ಭಾಗ ಅದನ್ನೇ ಬಿಡಿಸಿ ಹೇಳಿತು. 'ಬಾಯಿ ಬಿಡದವಳು' ಎಂದು ನೀನೇ ಹಾಕಿಕೊಂಡಿದ್ದರೆ ಟ್ಯಾಸಿಟರ್ನ್ ಹತ್ತಿರವೇ ನಿಲ್ಲುತ್ತಿದ್ದೆ. ಬಟ್, ಆಲ್ದೋ, ಡಿಸ್ಪೈಟ್ ಕಂಡರೆ ತಿರುವು ಇದೆ ಎಂದು ತಿಳಿ. ಕೋಲನ್ ಕಂಡರೆ ವಿವರಣೆ ಮುಂದಿದೆ. ಮೂರು ಖಾಲಿ ಜಾಗ ಇದ್ದರೆ ಸುಲಭದ್ದನ್ನು ಮೊದಲು ತುಂಬು, ಅದು ಕೊನೆಯದ್ದಾದರೂ ಅಡ್ಡಿಯಿಲ್ಲ. ಆದರೆ ಮೂರೂ ಸರಿಯಾಗಬೇಕು, ಅರ್ಧ ಅಂಕ ಇಲ್ಲ.

ಈ ಅಭ್ಯಾಸಕ್ಕೆ ನಿನಗೆ ಗೊತ್ತಿರುವ ವಿಷಯದ ಇಂಗ್ಲಿಷ್ ಓದು. ಅಪ್ಪನ ಮೇಜಿನ ಮೇಲೆ ಅಡಿಕೆ ಕೃಷಿಯ ಇಂಗ್ಲಿಷ್ ಕರಪತ್ರಗಳು ಬಿದ್ದಿರುತ್ತವೆ. ಕೊಳೆರೋಗದ ಪುಟ ತೆಗೆ. ಪ್ರೊಫಿಲ್ಯಾಕ್ಟಿಕ್ ಸ್ಪ್ರೇ ಎಂದಿರುತ್ತದೆ. ಅದರ ಪಕ್ಕದಲ್ಲೇ ಶೇ. 1ರ ಬೋರ್ಡೋ ದ್ರಾವಣ, ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಎಂದೂ ಇರುತ್ತದೆ. ರೋಗ ಬಂದ ಮೇಲೆ ಹೊಡೆಯುವುದಲ್ಲ, ಬಾರದಂತೆ ಹೊಡೆಯುವುದು. ಔಷಧಿ ಹೊಡೆಯುವ ಗಡಿಬಿಡಿ ನೋಡಿಯೇ ಬೆಳೆದವನು ನೀನು. ಆ ಪದಕ್ಕೆ ಡಿಕ್ಷನರಿ ಯಾಕೆ? ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಕಾಸರಗೋಡಿನವರು ಮಲಯಾಳದ ಫಾರ್ಮ್ ತುಂಬುವುದೂ ಹೀಗೇ ತಾನೇ, ಸರ್ವೆ ನಂಬರಿನ ಚೌಕ ನೋಡಿ ಪಕ್ಕದ ಸಾಲು ಏನೆಂದು ಊಹಿಸಿ.

ಗೊತ್ತಿಲ್ಲದ ಪದಕ್ಕಿಂತ ಗೊತ್ತಿರುವ ಪದವೇ ಜಾಸ್ತಿ ಮೋಸ ಮಾಡುತ್ತದೆ. ಕ್ವಾಲಿಫೈ ಎಂದರೆ ಅರ್ಹತೆ ಪಡೆಯುವುದು ಎಂದು ಓಡಬೇಡ. ವಿಜ್ಞಾನಿಯೊಬ್ಬರು ತಮ್ಮ ಮಾತನ್ನು ಕ್ವಾಲಿಫೈ ಮಾಡಿ, ಇದು ಒಣ ಮಣ್ಣಿಗೆ ಮಾತ್ರ ಅನ್ವಯ ಎಂದರೆ, ಅಲ್ಲಿ ಅದು ಮಾತಿಗೆ ಮಿತಿ ಹಾಕುವುದು. ಇಂಥ ಎರಡನೇ ಅರ್ಥಗಳ ಮೇಲೆ ಪ್ರಶ್ನೆ ಮಾಡುವವರಿಗೆ ಭಾರೀ ಪ್ರೀತಿ.

6 ಆಯ್ಕೆಯಲ್ಲಿ 2 ಆರಿಸುವ ಪ್ರಶ್ನೆಗಳಲ್ಲಿ ಒಂದೇ ಅರ್ಥದ ಜೋಡಿ ಸಿಕ್ಕಿತೆಂದು ಹಿಗ್ಗಬೇಡ. ವಾಕ್ಯಕ್ಕೆ ಹೊಂದದ ಜೋಡಿಯನ್ನೂ ಬೇಕೆಂದೇ ಇಟ್ಟಿರುತ್ತಾರೆ.

ವಾಕ್ಯ ಏನೂ ಸುಳಿವು ಕೊಡದಿದ್ದರೆ, ಒಂದು ಉತ್ತರ ಹಾಕಿ ಗುರುತು ಮಾಡಿ ಮುಂದೆ ಹೋಗು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಇಂಗ್ಲಿಷ್ ಭಾಷೆಯ ಪ್ರಶ್ನೆಗಳ ಮೊದಲ ಭಾಗದಲ್ಲಿ 12 ಪ್ರಶ್ನೆಗೆ 18 ನಿಮಿಷ, ಎರಡನೆಯದರಲ್ಲಿ 15ಕ್ಕೆ 23. ಅದರಲ್ಲೇ ಉದ್ದದ ಗದ್ಯವನ್ನೂ ಓದಬೇಕು.

ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯವರ ಪವರ್‌ಪ್ರೆಪ್ ಎಂಬ ಆನ್‌ಲೈನ್ ಅಭ್ಯಾಸದಲ್ಲಿ 2 ಮಾದರಿ ಪರೀಕ್ಷೆ ಉಚಿತ. ಒಂದನ್ನು ಈ ವಾರವೇ ಮಾಡು. ತಪ್ಪಾದದ್ದರ ಜೊತೆಗೆ, ಸರಿಯಾಗಿದ್ದರೂ ಯಾಕೆ ಸರಿ ಎಂದು ಹೇಳಲು ಬಾರದ್ದನ್ನೂ ಬರೆದಿಡು. ಭಾನುವಾರ ಊಟದ ನಂತರ ಫೋನ್ ಮಾಡು, ಒಂದೊಂದಾಗಿ ನೋಡೋಣ.

ನಿನ್ನ ದೊಡ್ಡಮ್ಮ