ನರಕ ಬರೆಯಹೊರಟ ತಮ್ಮನಿಗೆ

ಕಲಬುರಗಿ
ಮೇ ತಿಂಗಳ ಮೂರನೆಯ ವಾರ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ಸುರಪುರದಿಂದ ನೀನು ಕಳುಹಿಸಿದ ಕತೆ ಕೈಸೇರಿ ಹತ್ತು ದಿನಗಳಾದವು. ಇಲ್ಲಿ ಹಗಲು ಹೊತ್ತು ಹೊಸ್ತಿಲು ದಾಟುವಂತಿಲ್ಲ. ಕೂಲರಿಗೆ ನೀರು ಸುರಿದು, ಕದ ಮುಂದೆ ಮಾಡಿಕೊಂಡು, ಎರಡು ಸಲ ಓದಿದೆ. ಬಡ್ಡಿ ಸಾವುಕಾರನೊಬ್ಬ ಸತ್ತು ನರಕಕ್ಕೆ ಹೋಗುವ ಕತೆಯಲ್ಲಿ ಇಪ್ಪತ್ತೆರಡು ಪುಟಗಳಿವೆ, ಅವುಗಳಲ್ಲಿ ಹದಿನಾಲ್ಕು ಎಣ್ಣೆಯ ಕೊಪ್ಪರಿಗೆಗೂ ಯಮದೂತರ ಕೊರಡೆಗೂ ಮೀಸಲಾಗಿವೆ. ಓದುತ್ತ ನನಗೆ ಸೆಕೆಯಾಯಿತೇ ಹೊರತು ಭಯವಾಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಪತ್ರ.

ನಮ್ಮಜ್ಜ ತೀರಿಕೊಂಡಾಗ ಪಡಸಾಲೆಯಲ್ಲಿ ಹತ್ತು ದಿನ ಗರುಡಪುರಾಣ ಓದಿಸಿದ್ದರು. ಕೀವು ನೆತ್ತರು ಹರಿಯುವ ವೈತರಣಿ, ಕುಂಭೀಪಾಕ, ರೌರವ ಇವನ್ನೆಲ್ಲ ನಾವು ಹುಡುಗರು ಬಾಗಿಲ ಸಂದಿಯಿಂದ ಜಾತ್ರೆಯ ಆಟ ನೋಡಿದಂತೆ ಕೇಳಿದೆವು. ಆಚಾರ್ಯರು ಒಂದು ಸಂಜೆ, ಪುಟ ತಿರುವುವ ನಡುವೆ, ನೀರು ಬೇಡಿದವರಿಗೆ ನೀರು ಕೊಡದವರ ಮಾತನ್ನು ಸಹಜವಾಗಿ ಎತ್ತಿದರು. ಒಳಗೆ ಜೋಳ ಹಸನು ಮಾಡುತ್ತಿದ್ದ ಸೋದರತ್ತೆಯ ಕೈ ಮೊರದ ಮೇಲೆ ಹಾಗೆಯೇ ನಿಂತಿತು. ಅಜ್ಜ ಕೊನೆಯ ರಾತ್ರಿ ನೀರು ಕೇಳಿದ್ದನ್ನು, ಎಚ್ಚರವಿದ್ದೂ ತಾನು ನಿದ್ದೆ ಬಂದವಳಂತೆ ಮಗ್ಗುಲಾದದ್ದನ್ನು ಆಕೆ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಅಷ್ಟು ದೊಡ್ಡ ಪುರಾಣದಲ್ಲಿ ಆಕೆಗೆ ತಟ್ಟಿದ ನರಕ ಆ ಒಂದು ತಂಬಿಗೆ ನೀರಿನಷ್ಟೇ ಇತ್ತು.

ಇದು ಒಳ್ಳೆಯ ಪ್ರವಚನಕಾರರಿಗೆಲ್ಲ ಗೊತ್ತಿರುವ ಗುಟ್ಟು. 1741ರ ಜುಲೈ 8ರಂದು ಅಮೆರಿಕದ ಎನ್‌ಫೀಲ್ಡ್ ಎಂಬ ಊರಿನಲ್ಲಿ ಜೊನಾಥನ್ ಎಡ್ವರ್ಡ್ಸ್ ಎಂಬ ಪಾದ್ರಿ ಮಾಡಿದ ಪ್ರವಚನಕ್ಕೆ ಸಭೆಯಲ್ಲಿ ಎಂಥ ಗೋಳಾಟವೆದ್ದಿತೆಂದರೆ, ಆತ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಆ ಪ್ರವಚನದಲ್ಲಿ ಬೆಂಕಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಕೇಳಿದವರ ಎದೆಯಲ್ಲಿ ಕೂತದ್ದು ಬೆಂಕಿಯ ಮೇಲೆ ಹಿಡಿದ ಜೇಡರಹುಳು, ಅದು ಜೋತುಬಿದ್ದ ಸಪೂರ ಎಳೆ, ಮತ್ತು ‘ನೀವು’ ಎಂಬ ಸಂಬೋಧನೆ. ಕೆಳಗಿನ ಉರಿ ಎಷ್ಟು ದೊಡ್ಡದೆಂದು ಆತ ಅಳೆದು ತೋರಿಸಿದ್ದಕ್ಕಿಂತ ಮೇಲಿನ ಎಳೆ ಎಷ್ಟು ತೆಳುವಾಗಿದೆ ಎಂದು ತೋರಿಸಿದ್ದೇ ಹೆಚ್ಚು ಕೆಲಸ ಮಾಡಿತು. ಆತನ ದೇವರನ್ನು ನಾನು ಒಪ್ಪಲಾರೆ. ಆತನ ಕಸುಬನ್ನು ಒಪ್ಪದೆ ಇರಲಾರೆ.

ಆದರೆ ಪ್ರವಚನಕಾರನಿಗೆ ಒಂದು ಸೌಕರ್ಯವಿದೆ. ಕೇಳುವವರೇ ಪಾಪಿಗಳಾದ್ದರಿಂದ ಆತ ಪಾಪಿಯನ್ನು ಸೃಷ್ಟಿಸಬೇಕಾಗಿಲ್ಲ. ಕತೆಗಾರ ಸೃಷ್ಟಿಸಬೇಕು, ಅದೂ ಕೈ ಕಾಲು ಸಮೇತ. ಇಂಗ್ಲಿಷ್ ಕವಿ ಕ್ರಿಸ್ಟೋಫರ್ ಮಾರ್ಲೋನ ಡಾಕ್ಟರ್ ಫಾಸ್ಟಸ್ ನಾಟಕವನ್ನು ಈ ಕಾರಣಕ್ಕೇ ಓದು. ಅದು ಅಚ್ಚಾದದ್ದು 1604ರಲ್ಲಿ, ಕವಿ ಸತ್ತು 11 ವರ್ಷಗಳಾದ ಮೇಲೆ. 24 ವರ್ಷಗಳ ಭೋಗಕ್ಕೆ ಆತ್ಮವನ್ನು ಸೈತಾನನಿಗೆ ಬರೆದುಕೊಡಲು ಪಂಡಿತ ಫಾಸ್ಟಸ್ ತೋಳನ್ನು ಗಾಯಮಾಡಿಕೊಂಡು ನೆತ್ತರಿನಿಂದ ಕರಾರುಪತ್ರ ಬರೆಯುತ್ತಿರುವಾಗ ನೆತ್ತರು ಹೆಪ್ಪುಗಟ್ಟಿ ಬರವಣಿಗೆ ನಿಲ್ಲುತ್ತದೆ. ಮೈಯೇ ಬೇಡವೆನ್ನುತ್ತಿದೆ. ಸೈತಾನನ ದೂತ ಓಡಿಹೋಗಿ ಕೆಂಡ ತಂದು ಆ ನೆತ್ತರನ್ನು ಕರಗಿಸುತ್ತಾನೆ, ಈತ ಮುಂದುವರಿಸುತ್ತಾನೆ. ಇಡೀ ನಾಟಕದಲ್ಲಿ ನರಕದ ಬೆಂಕಿ ಮೊದಲು ಕಾಣಿಸಿಕೊಳ್ಳುವುದು ಆ ಕೆಂಡದಲ್ಲಿ, ಅದೂ ಒಂದು ಕಾಗದವನ್ನು ಪೂರ್ತಿ ಮಾಡುವ ಸಲುವಾಗಿ.

ಈಗ ನಿನ್ನ ಮೂರನೆಯ ಪುಟ ತೆಗೆ. ಸಾವುಕಾರ ವಿಧವೆಯ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ, ಆಕೆಯ ಬೆರಳು ನಡುಗಿ ಗುರುತು ಕಲೆಸಿಹೋಗುತ್ತದೆ. ಆತ ತಾನೇ ಆಕೆಯ ಬೆರಳು ಹಿಡಿದು, ಶಾಯಿಗೆ ಅದ್ದಿ, ಇನ್ನೊಮ್ಮೆ ಒತ್ತುತ್ತಾನೆ. ಇಷ್ಟನ್ನು ನೀನು ಎರಡು ಸಾಲಿನಲ್ಲಿ ಮುಗಿಸಿ ಆತನ ಸಾವಿಗೆ ಓಡಿದ್ದೀಯ. ಅಲ್ಲಿ ನಿಲ್ಲಬೇಕಾಗಿತ್ತು, ತಮ್ಮಾ. ಮೊದಲ ಸಲ ಗುರುತು ಕಲೆಸಿದಾಗ ಆತನಿಗೆ ಬಿಟ್ಟುಬಿಡುವ ಅವಕಾಶವಿತ್ತು, ಎರಡನೆಯ ಸಲ ಆತ ತನ್ನ ಕೈಯನ್ನೇ ಹಾಕಿದ. ನಿನ್ನ ಯಮದೂತರು ಹದಿನಾಲ್ಕು ಪುಟಗಳಲ್ಲಿ ಮಾಡಲಾಗದ್ದನ್ನು ಆ ಎರಡನೆಯ ಒತ್ತು ಮಾಡಿದೆ.

ಇನ್ನೊಂದು ಮಾತು ಕಾಲದ್ದು. ಇದರಲ್ಲಿ ನೀನು ಎರಡು ದೋಣಿಗಳ ಮೇಲೆ ಕಾಲಿಟ್ಟಿದ್ದೀಯ. ಕ್ರೈಸ್ತರ ನರಕಕ್ಕೆ ಕೊನೆಯಿಲ್ಲ, ಹೋದವನು ಹೋದ. ಆದ್ದರಿಂದಲೇ ಮಾರ್ಲೋನ ನಾಟಕ ಕೊನೆಯ ಒಂದು ಗಂಟೆಗೆ ಬಂದು ಬಿಗಿಯುತ್ತದೆ: ಗಡಿಯಾರ ಹನ್ನೊಂದು ಹೊಡೆಯುತ್ತದೆ, ಅರ್ಧ ಹೊಡೆಯುತ್ತದೆ, ಹನ್ನೆರಡು ಹೊಡೆಯುವಾಗ ಆ ಮಹಾಪಂಡಿತ ತಾನು ನೀರ ಹನಿಗಳಾಗಿ ಕಡಲಿಗೆ ಬಿದ್ದು ಯಾರಿಗೂ ಸಿಗದಂತಾಗಲಿ ಎಂದು ಬೇಡುತ್ತಿರುತ್ತಾನೆ. ನಮ್ಮ ಜೈನರಲ್ಲಿ ನರಕಗಳು ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ 7, ಆದರೆ ಎಲ್ಲಿಯೂ ವಾಸಕ್ಕೆ ಒಂದು ಆಯುಸ್ಸಿದೆ. ಅದು ಎಷ್ಟೇ ದೀರ್ಘವಾಗಿರಲಿ, ತೀರುತ್ತದೆ. ಹೀಗಾಗಿ ಅವರ ಕತೆ ಗಂಟೆಗೆ ಬಿಗಿಯುವುದಿಲ್ಲ, ಜನ್ಮಗಳಿಗೆ ಹಬ್ಬುತ್ತದೆ. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಜ ತಾಯಿಯ ಮಾತಿಗೆ ಕಟ್ಟುಬಿದ್ದು ದೇವಿಗೆ ಬಲಿಯೆಂದು ಕೊಲ್ಲುವುದು ಹಿಟ್ಟಿನ ಕೋಳಿಯನ್ನು. ಕತ್ತಿ ಬಿದ್ದೊಡನೆ ಅದು ಕೂಗುತ್ತದೆ, ಅಷ್ಟೇ. ಸಂಕಲ್ಪದ ಆ ಒಂದು ಹಿಂಸೆಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮೀನಾಗಿ, ಮೊಸಳೆಯಾಗಿ, ಆಡಾಗಿ ಅಲೆಯುತ್ತಾರೆ. ಇದು ದೂರದೂರಿನ ಕತೆಯೆಂದುಕೊಳ್ಳಬೇಡ. ಜನ್ನನಿಗಿಂತ ಎರಡು ಶತಮಾನಕ್ಕೂ ಮೊದಲು ಜೈನಕವಿ ಪುಷ್ಪದಂತನು ಇದನ್ನೇ ಅಪಭ್ರಂಶ ಭಾಷೆಯಲ್ಲಿ ಬರೆದದ್ದು ಮಾನ್ಯಖೇಟದಲ್ಲಿ, ಅಂದರೆ ನಮ್ಮ ಸೇಡಂ ದಾರಿಯ ಮಳಖೇಡದಲ್ಲಿ. ನಿನ್ನ ಸಾವುಕಾರನಿಗೆ ಗಡಿಯಾರ ಬೇಕೋ ಜನ್ಮಗಳು ಬೇಕೋ ನೀನೇ ತೀರ್ಮಾನಿಸು. ಎರಡನ್ನೂ ಬೆರೆಸಿದರೆ ಒಂದಕ್ಕೂ ಬಲ ಬರುವುದಿಲ್ಲ.

(ಎಣ್ಣೆಯ ಕೊಪ್ಪರಿಗೆಯ ಮೇಲೆ ನಿನಗಿರುವ ಮೋಹಕ್ಕೆ ಒಂದು ಸಣ್ಣ ತಡೆ: ಇಟಲಿಯ ಕವಿ ಡಾಂಟೆಯ ನರಕಕಾವ್ಯ ಇನ್ಫರ್ನೋದಲ್ಲಿ 9 ವೃತ್ತಗಳನ್ನು ಇಳಿದರೆ ತಳದಲ್ಲಿ ಸಿಗುವುದು ಹಿಮ. ಜೈನರ ಕೊನೆಯ ನರಕಗಳೂ ಕೊರೆಯುವ ಚಳಿಯವೇ. ಕಲಬುರಗಿಯ ಮೇ ತಿಂಗಳಲ್ಲಿ ಓದುವವರಿಗೆ ಇದು ಶಿಕ್ಷೆಯೆಂದು ತೋರಲಿಕ್ಕಿಲ್ಲ, ಆ ಮಾತು ಬೇರೆ.)

ಕಲ್ಯಾಣದ ಶರಣರಂತೂ ಈ ಪಯಣವನ್ನೇ ಬೇಡವೆಂದರು. ‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಎಂಬ ಬಸವಣ್ಣನವರ ಮಾತು ನಮ್ಮ ಭಾಗದಲ್ಲಿ ಗೋಡೆಗೋಡೆಯ ಮೇಲಿದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕತೆಗಾರನಿಗೆ ಅದಕ್ಕಿಂತ ಉಪಯೋಗದ್ದು ಇನ್ನೊಂದು: ‘ಅಯ್ಯಾ ಎಂದಡೆ ಸ್ವರ್ಗ, ಎಲವೋ ಎಂದಡೆ ನರಕ.’ ಒಬ್ಬ ಮನುಷ್ಯ ಇನ್ನೊಬ್ಬನನ್ನು ಕರೆಯುವ ರೀತಿಯಲ್ಲಿಯೇ ನರಕ ಮುಗಿದುಹೋಯಿತು. ನಿನ್ನ ಸಾವುಕಾರ ಆ ಹೆಣ್ಣುಮಗಳನ್ನು ಏನೆಂದು ಕರೆದ? ನೀನು ‘ಗದರಿದ’ ಎಂದು ಬರೆದು ಕೈತೊಳೆದುಕೊಂಡಿದ್ದೀಯ. ನನ್ನನ್ನು ಕೇಳಿದರೆ ಆತ ‘ಯವ್ವಾ’ ಎಂದೇ ಕರೆದಿರಬೇಕು, ಬೆರಳು ಹಿಡಿದಿದ್ದಾಗಲೂ. ಆಗ ಎಷ್ಟು ಭಯವಾಗುತ್ತದೆ ನೋಡು.

ಕೊನೆಯದಾಗಿ ಹೇಳಬೇಕಾದದ್ದು ಸ್ವಲ್ಪ ಕಠಿಣ. ನಿನಗೆ ಈ ಸಾವುಕಾರನ ಮೇಲೆ ಸಿಟ್ಟಿದೆ, ಅದು ನ್ಯಾಯವಾದದ್ದೂ ಇರಬಹುದು. ನಾನೂ ನಿನ್ನ ವಯಸ್ಸಿನಲ್ಲಿ ಬಂಧುವೊಬ್ಬರನ್ನು ಕತೆಯಲ್ಲಿ ಹಾಕಿ ಹುರಿದಿದ್ದೆ. ಅದು ಅಚ್ಚಾದ ದಿನ ಸಂತೋಷವಾಯಿತು, ಈಗ ಓದಿದರೆ ಅದರಲ್ಲಿ ಅವರು ಇಲ್ಲವೇ ಇಲ್ಲ, ಹುರಿಯುವ ನನ್ನ ಕೈ ಮಾತ್ರ ಕಾಣುತ್ತದೆ. ಡಾಂಟೆ, ಮೈದುನನನ್ನು ಪ್ರೀತಿಸಿದ ಫ್ರಾಂಚೆಸ್ಕಾ ಎಂಬವಳನ್ನು ನರಕದಲ್ಲಿಟ್ಟ, ತೀರ್ಪನ್ನು ಬದಲಿಸಲಿಲ್ಲ; ಆದರೆ ಆಕೆಗೆ ಮಾತು ಕೊಟ್ಟ, ಆಕೆಯ ಮಾತು ಮುಗಿದಾಗ ತಾನೇ ಮೂರ್ಛೆಹೋದ. ಮಹಾಭಾರತದ ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯ ನಾರುವ ಕತ್ತಲೆಯಿಂದ ಹಿಂದಿರುಗಲು ಹೊರಟಾಗ, ನಿನ್ನ ಮೈಮೇಲಿಂದ ಬೀಸುವ ಗಾಳಿ ನಮಗೆ ಹಿತವಾಗಿದೆ, ಇನ್ನೊಂದು ಗಳಿಗೆ ನಿಲ್ಲು ಎಂದು ದನಿಗಳು ಕೇಳುತ್ತವೆ. ಆತ ದೇವದೂತನನ್ನು ಕಳುಹಿಸಿಬಿಟ್ಟು ಅಲ್ಲಿಯೇ ನಿಲ್ಲುತ್ತಾನೆ. ಆ ದೂತನ ಜೊತೆ ಮೇಲೆ ಹೊರಟುಹೋದ ಧರ್ಮರಾಯನಂತೆ ನೀನು ಈ ಕತೆ ಬರೆದಿದ್ದೀಯ.

ಹದಿನಾಲ್ಕು ಪುಟಗಳನ್ನು ತೆಗೆದಿಡು, ಹರಿಯಬೇಡ. ಮೂರನೆಯ ಪುಟದಿಂದ ಮತ್ತೆ ಶುರುಮಾಡಿ, ಮಳೆಗಾಲ ಹಿಡಿಯುವ ಮೊದಲು ಕಳುಹಿಸಿಕೊಡು. ಬರೆಯುವಾಗ ಇದೊಂದನ್ನು ನೋಡಿಕೋ: ಕಾಗದ ಮಡಚಿ ಸಾವುಕಾರ ಒಳಗೆ ಹೋದ ಮೇಲೆ, ಆ ಹೆಣ್ಣುಮಗಳು ಬೆರಳಿನ ಶಾಯಿಯನ್ನು ಎಲ್ಲಿ ಒರೆಸಿಕೊಂಡಳು? ಆತನ ಬೆರಳಿಗೂ ಅಷ್ಟು ಹತ್ತಿರಬೇಕಲ್ಲ.

ಇಂತು,
ನಿನ್ನ ಅಕ್ಕ