ಉಪ್ಪಿನಾಗರದ ಏರಿ ಅಗೆದು ನೋಡಿ, ಆಮೇಲೆ ಮಣ್ಣು ತುಂಬಿ

ಮಾನ್ಯ ಸಂಪಾದಕರೇ,

ಮುಂಬೈಯ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್‌ಗಳ ಸುಮಾರು 256 ಎಕರೆ ಉಪ್ಪಿನಾಗರವನ್ನು ಧಾರಾವಿ ಪುನರ್ವಸತಿಗೆ ಕೊಡಲು 2024ರಲ್ಲಿ ಕೇಂದ್ರ ಒಪ್ಪಿದೆ. ಮನೆಗಳ ಚರ್ಚೆ ಬೇರೆ. ಅಲ್ಲಿ ಬರೀ ಕೆಸರಿದೆ, ಹಳೆಯದೇನೂ ಇಲ್ಲ ಎಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು.

ಇಂಗ್ಲೆಂಡಿನ ಲಿಂಕನ್‌ಶೈರ್ ಕರಾವಳಿಯಲ್ಲಿ ಮಧ್ಯಯುಗದವರು ಉಪ್ಪುಮಣ್ಣು ಕೆರೆದು, ನೀರು ಹಾಯಿಸಿ ಸೋಸಿ, ಆ ನೀರನ್ನು ಸೀಸದ ಬಾಣಲೆಗಳಲ್ಲಿ ಕುದಿಸಿದರು. ಸೋಸಿ ಎಸೆದ ಮಣ್ಣು ಇಂದಿಗೂ ದಿಬ್ಬಗಳಾಗಿ ನಿಂತಿದೆ. ಸುಟ್ಟ ಒಲೆಯ ಜಾಗವನ್ನು ಕಾಂತಮಾಪಕ, ಅಂದರೆ ನೆಲದ ಕಾಂತತೆ ಅಳೆಯುವ ಉಪಕರಣ, ಅಗೆಯದೆಯೇ ತೋರಿಸುತ್ತದೆ. ನಮ್ಮ ಆಗರಗಳಲ್ಲಿ, ಮುಂಬೈಯಿರಲಿ ಗೋಕರ್ಣದ ಸಾಣಿಕಟ್ಟೆಯಿರಲಿ, ಆ ಕೆಲಸ ಬಿಸಿಲಿನದು. ಬೂದಿಯಿಲ್ಲ, ಸುಟ್ಟ ಮಣ್ಣಿಲ್ಲ. ಕಾಂತಮಾಪಕ ಇಲ್ಲಿ ಸುಮ್ಮನಿದ್ದರೆ ಅದು ಹಳೆಯದೇನೂ ಇಲ್ಲ ಎಂಬುದಕ್ಕೆ ಪುರಾವೆಯೇ ಅಲ್ಲ.

ಇಲ್ಲಿ ಹುಡುಕಬೇಕಾದದ್ದು ಜಿಪ್ಸಂ, ಕಡಲ ನೀರು ಆರಿದಾಗ ಉಪ್ಪಿಗಿಂತ ಮೊದಲು ಹರಳುಗಟ್ಟುವ ಲವಣ. ಆಗರದಲ್ಲಿ ನೀರು ಗದ್ದೆಯಿಂದ ಗದ್ದೆಗೆ ಹಾಯುತ್ತಾ ಆರುತ್ತದೆ. ಸಮುದ್ರದ 100 ಲೀಟರ್ ನೀರು 25–30 ಲೀಟರಿಗೆ ಇಳಿದಾಗ ಜಿಪ್ಸಂ ಕೂರಲು ಶುರುವಾಗುತ್ತದೆ. ಉಪ್ಪು ಕೂರುವುದು ಸುಮಾರು 10 ಲೀಟರಿಗೆ ಬಂದ ಮೇಲೆ. ಒಂದು ಲೀಟರ್ ಮಳೆನೀರು 350 ಗ್ರಾಂಗೂ ಹೆಚ್ಚು ಉಪ್ಪು ಕರಗಿಸಬಲ್ಲದು, ಜಿಪ್ಸಂ ಆದರೆ ಎರಡು ಗ್ರಾಂ ಚಿಲ್ಲರೆ ಅಷ್ಟೇ. ಹಾಗಾಗಿ ನಡುವಿನ ಗದ್ದೆಗಳ ಮಣ್ಣಿನಲ್ಲಿ ಅದರ ಹರಳುಗಳು ಉಳಿದಿರುವ ಸಾಧ್ಯತೆ ಹೆಚ್ಚು. ಉಪ್ಪು ಎಳೆಯುವ ಕೊನೆಯ ಗದ್ದೆಯ ನೆಲವನ್ನು ವರ್ಷವರ್ಷವೂ ತುಳಿದು ಬಡಿದು ಹೊಸದು ಮಾಡುವುದರಿಂದ ಅಲ್ಲಿ ಅಗೆದು ಫಲ ಕಡಿಮೆ.

ವಯಸ್ಸು ಹೇಳಬಲ್ಲದ್ದು ಏರಿ. ಅದನ್ನು ಅಡ್ಡಲಾಗಿ, ಬುಡದ ಮೂಲ ನೆಲ ಕಾಣುವವರೆಗೆ ಕತ್ತರಿಸಿ, ಪದರಗಳ ಚಿತ್ರ ಬರೆಯಬೇಕು. ಮರಳುಕಣ ಕೊನೆಯ ಸಲ ಬಿಸಿಲು ಕಂಡ ಕಾಲವನ್ನು ಅಳೆಯಲು ಉಕ್ಕಿನ ಕೊಳವೆಯನ್ನು ಮಣ್ಣಿಗೆ ಬಡಿದು, ಬೆಳಕು ತಾಗದಂತೆ ಎರಡೂ ತುದಿ ಮುಚ್ಚಿ ತೆಗೆಯಬೇಕು. ಮಾದರಿ ಏರಿಯ ಹೊಟ್ಟೆಯಿಂದ ಬೇಡ: ಅಲ್ಲಿಗೆ ಹಸಿ ಹೆಂಟೆಗಳನ್ನು ಹಾಗೆಯೇ ಒಟ್ಟಿರುತ್ತಾರೆ, ಒಳಗಿನ ಕಣಕ್ಕೆ ಬಿಸಿಲೇ ತಾಗಿರುವುದಿಲ್ಲ, ವಯಸ್ಸು ಸುಳ್ಳೇ ಹೆಚ್ಚಾಗುತ್ತದೆ. ಏರಿಯಡಿ ಹೂತುಹೋದ ಹಳೆಯ ನೆಲದ ಮೇಲ್ಮೈ ಉತ್ತಮ. ಇಂಗಾಲದ ಪರೀಕ್ಷೆಗೆ ಚಿಪ್ಪು ಕಳಿಸುವುದೂ ತಪ್ಪು. ಸಮುದ್ರದ ಹಳೆಯ ಇಂಗಾಲ ಅದರಲ್ಲಿ ಸೇರಿರುತ್ತದೆ. ಕಡ್ಡಿ, ಹುಲ್ಲು, ತೂಬಿನ ಹಲಗೆ ಸಿಕ್ಕರೆ ಅದನ್ನೇ ಕಳಿಸಬೇಕು.

ದೊಡ್ಡ ಏರಿಗೊಂದರಂತೆ ಕಂದಕ ಸಾಕು, ಹೆಚ್ಚಿನ ಖರ್ಚಿಲ್ಲ. ಮಣ್ಣು ತುಂಬುವ ಪರವಾನಗಿಯಲ್ಲೇ ಈ ಷರತ್ತು ಸೇರಲಿ. ಕೆಲಸ ಫೆಬ್ರವರಿಯಿಂದ ಮೇ ಒಳಗೆ ಮುಗಿಯಬೇಕು. ಜೂನ್ ಬಂತೆಂದರೆ ಕಂದಕದಲ್ಲಿ ನೀರು ನಿಂತು ಗೋಡೆ ಕುಸಿಯುತ್ತದೆ.

– ಕೆಲವು ಕನ್ನಡ ಓದುಗರು, ಮುಲುಂಡ್ ಪೂರ್ವ, ಮುಂಬೈ