ಹಳ್ಳಿ ಪಬ್ಬಿಗೆ ಹೊರಟ ಪುಟ್ಟನಿಗೆ

ಪ್ರೀತಿಯ ಪುಟ್ಟಾ,

ಅತ್ತೆಯ ಆಶೀರ್ವಾದ. ಭಾನುವಾರ ಮ್ಯಾನೇಜರ್ ನಿನ್ನನ್ನು ಯಾರ್ಕ್‌ಶೈರಿನ ಯಾವುದೋ ಹಳ್ಳಿ ಪಬ್ಬಿಗೆ ಊಟಕ್ಕೆ ಕರೆದಿದ್ದಾರೆ, ಮನೆಯಲ್ಲೇ ಮೊಸರನ್ನ ತಿಂದು ಹೋಗ್ಲಾ ಅಂತ ಕೇಳಿದ್ದೀಯ. ಬೇಡ. ಹಸಿದುಕೊಂಡೇ ಹೋಗು.

ಪಬ್ಬು ಅಂದ ಕೂಡಲೇ ನಿಮ್ಮಪ್ಪನಿಗೆ ಬ್ರಿಗೇಡ್ ರೋಡು ನೆನಪಾಗುತ್ತದೆ. ಇದು ಆ ಥರ ಅಲ್ಲ. ಅಜ್ಜಿ, ಮೊಮ್ಮಕ್ಕಳು, ಕಾಲೆಲ್ಲ ಕೆಸರಾದ ನಾಯಿ, ಎಲ್ಲರೂ ಒಂದೇ ಬೆಂಕಿಯ ಮುಂದೆ ಕೂತಿರುತ್ತಾರೆ. ಕುಡಿಯುವ ಜಾಗದಲ್ಲಿ ಊಟಕ್ಕೂ ಮರ್ಯಾದೆ ಬಂದದ್ದು ತೀರಾ ಹಳೇ ಕಥೆಯೇನಲ್ಲ. 1991ರಲ್ಲಿ ಲಂಡನ್ನಿನ 'ಈಗಲ್' ಅನ್ನುವ ಪಬ್ಬಿನಲ್ಲಿ ಹಾಗೆ ಅಡುಗೆ ಶುರುವಾಯಿತು. ಒಳ್ಳೆ ಊಟ ಸಿಗುವ ಪಬ್ಬಿಗೆ ಗ್ಯಾಸ್ಟ್ರೋಪಬ್ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ಹತ್ತು ವರ್ಷ ಕಳೆದು, 2001ರಲ್ಲಿ, ಟಿಟ್ಲಿ ಅನ್ನುವ ಸಣ್ಣ ಹಳ್ಳಿಯ 'ಸ್ಟ್ಯಾಗ್ ಇನ್' ಪಬ್ಬಿಗೆ, ದೊಡ್ಡ ದೊಡ್ಡ ಹೋಟೆಲಿನವರು ಹಂಬಲಿಸುವ ಮಿಶೆಲಿನ್ ಸ್ಟಾರೇ ಬಂತು. ಪಬ್ಬಿಗೆ ಸ್ಟಾರ್ ಸಿಕ್ಕಿದ್ದು ಅದೇ ಮೊದಲು. ಹಾಗಾಗಿ ಮೆನುವಿನ ರೇಟು ನೋಡಿ ಬೆಚ್ಚಿಬೀಳಬೇಡ.

ಆದರೆ ಆ ಮೆನು ಒಂಥರಾ ಒಗಟು. 'ಸೆಲೆರಿಯಾಕ್, ಹೇಜಲ್‌ನಟ್, ಸೇಬು' ಅಂತ ಬರೆದು ಸುಮ್ನೆ ಬಿಟ್ಟಿರುತ್ತಾರೆ. ಸೆಲೆರಿಯಾಕ್ ಅಂದರೆ ಒಂದು ಗೆಡ್ಡೆ. ಬೇಯಿಸಿದ್ದೋ, ಹುರಿದದ್ದೋ, ನೀನೇ ಕೇಳಬೇಕು. ನಾನು ಲೀಡ್ಸಿಗೆ ಹೋದ ಹೊಸದರಲ್ಲಿ ನಾಚಿಕೊಂಡು ಕೇಳಲಿಲ್ಲ. 'ಸ್ವೀಟ್‌ಬ್ರೆಡ್' ಅಂತ ಇತ್ತು. ಸ್ವೀಟೂ ಇದೆ, ಬ್ರೆಡ್ಡೂ ಇದೆ, ನಮ್ಮ ಬೇಕರಿ ಬನ್ನಿನ ಥರ ಇರಬಹುದು ಅಂದುಕೊಂಡೆ. ಬಂತು ನೋಡು, ಬೆಣ್ಣೆಯಲ್ಲಿ ಕೆಂಪಗೆ ಹುರಿದ ಉಂಡೆಗಳು. ಫೋರ್ಕ್ ಚುಚ್ಚಿದರೆ ಮೆತ್ತಗೆ ಜಾರಿತು. ನಿಮ್ಮ ಮಾವ ಬಗ್ಗಿ ಕಿವಿಯಲ್ಲಿ, "ಅದು ಕುರಿಮರಿಯ ಗ್ರಂಥಿ ಕಣೇ" ಅಂದರು. ಅದನ್ನು ಕೋಸಿನ ಎಲೆ ಕೆಳಗೆ ತಳ್ಳಿ, ಹೊಟ್ಟೆ ತುಂಬಿತು ಅಂತ ನಕ್ಕೆ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಉಪ್ಪಿಟ್ಟು ಕೆದಕಿದೆ.

ಯಾರ್ಕ್‌ಶೈರ್ ಪುಡಿಂಗೂ ಹಾಗೇ, ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲು ಸೇರಿಸಿ ಕಲಸಿದ ಹಿಟ್ಟು. ನೀನು ಮೊಟ್ಟೆ ತಿನ್ನುತ್ತೀಯ, ಸರಿ. ಆದರೆ ಎಷ್ಟೋ ಕಡೆ ಆ ಹಿಟ್ಟನ್ನು ಕಾದ ದನದ ಕೊಬ್ಬಿಗೆ ಹುಯ್ಯುತ್ತಾರೆ. ಆಲೂಗಡ್ಡೆ ಹುರಿಯುವುದೂ ಕೆಲವು ಕಡೆ ಬಾತುಕೋಳಿಯ ಕೊಬ್ಬಿನಲ್ಲಿ. ಅದಕ್ಕೇ ಮಾಂಸ, ಕೊಬ್ಬು ತಿನ್ನಲ್ಲ ಅಂತ ಈಗಲೇ ಪಬ್ಬಿಗೆ ಫೋನ್ ಮಾಡಿ ಹೇಳಿಬಿಡು, ಅಡುಗೆಯವರಿಗೂ ಸಮಯ ಸಿಗುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಳ್ಳು, ಕಡಲೆಕಾಯಿ, ಹಾಲು ಅಂತ 14 ಅಲರ್ಜಿ ಪದಾರ್ಥಗಳ ವಿಚಾರ ತಿಳಿಸಲೇಬೇಕು ಅಂತ ಅಲ್ಲಿ ಕಾನೂನೇ ಇದೆ. ಕೇಳಿಸಿಕೊಂಡು ಅವರಿಗೆ ಅಭ್ಯಾಸವಾಗಿದೆ.

ಇನ್ನು ಫೆಬ್ರವರಿ. ಆ್ಯಸ್ಪರಾಗಸ್ ಕೇಳಬೇಡ, ಅದು ಏಪ್ರಿಲ್ ಕೊನೆಯ ಮಾತು. ಈಗ ರುಬಾರ್ಬ್ ಅನ್ನುವ ಹುಳಿ ದಂಟಿನ ಕಾಲ, ಅದೂ ನೀನಿರುವ ಸೀಮೆಯದ್ದೇ. ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಸುತ್ತಮುತ್ತ ಅದರ ಗಡ್ಡೆಯನ್ನು ಎರಡು ವರ್ಷ ಹೊಲದಲ್ಲಿ ಬೆಳೆಸಿ, ಹಿಮದ ಚಳಿ ತಾಕಿಸಿ, ಆಮೇಲೆ ಕಿತ್ತು ಬೆಚ್ಚಗಿನ ಕತ್ತಲೆ ಶೆಡ್ಡಿನಲ್ಲಿ ಇಡುತ್ತಾರೆ. ದಂಟು ಬೆಳಕು ಹುಡುಕಿಕೊಂಡು ಸರಸರ ಮೇಲೇಳುತ್ತದೆ. ಕೊಯ್ಯುವುದು ಮೇಣದ ಬತ್ತಿ ಬೆಳಕಲ್ಲಿ. ನಾವೊಮ್ಮೆ ನೋಡಲು ಹೋಗಿದ್ದೆವು. ಮಾತು ನಿಲ್ಲಿಸಿ ನಿಂತರೆ ಮೊಗ್ಗು ಬಿರಿಯುವ ಪಟ್ ಪಟ್ ಸದ್ದು ಕೇಳಿಸುತ್ತಿತ್ತು. ದಂಟು ದಾಸವಾಳದ ಕೆಂಪು, ತುದಿಯ ಎಲೆ ಹಳದಿ. ಎಲೆ ತಿನ್ನುವ ಹಾಗಿಲ್ಲ, ವಿಷ. ನಂಜನಗೂಡು ರಸಬಾಳೆಗೆ ಆ ಊರಿನದ್ದೇ ಅನ್ನುವ ಜಿಐ ಗುರುತು ಸಿಕ್ಕಿಲ್ವಾ, ಇದಕ್ಕೂ 2010ರಲ್ಲಿ ಅಂಥದ್ದೇ ಯುರೋಪಿನ ಮನ್ನಣೆ ಸಿಕ್ಕಿತು. ಕಸ್ಟರ್ಡ್ ಜೊತೆ ಬಂದರೆ ಬಿಡಬೇಡ. ಹುಳಿ ಮೊದಲು ಹಲ್ಲಿಗೆ ಹೊಡೆಯುತ್ತದೆ, ಹಿಂದೆಯೇ ಕಸ್ಟರ್ಡ್ ಬಂದು ಸಮಾಧಾನ ಮಾಡುತ್ತದೆ.

ಒಬ್ಬರು ಎಲ್ಲರಿಗೂ ಡ್ರಿಂಕ್ಸ್ ತಂದರೆ ಮುಂದಿನ ಸರದಿ ನಿನ್ನದು ಅಂತ ನೀನೇ ಎದ್ದು ಬಾರ್ ಹತ್ತಿರ ಹೋಗು. ಕುಡಿಯದಿದ್ದರೂ ಕೊಡಿಸಬೇಕು, ಅಲ್ವಾ? ನಿನಗೆ ಎಲ್ಡರ್‌ಫ್ಲವರ್ ಶರಬತ್ತು ಹಿಡಿಸುತ್ತದೆ. ನಲ್ಲಿ ನೀರು ಪುಕ್ಕಟೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಮತ್ತೆ ಟಿಪ್ಸ್ ಇಡುವ ಅಗತ್ಯವಿಲ್ಲ. ಭಾನುವಾರ ಹಳ್ಳಿಗಳಿಗೆ ಬಸ್ಸು ಕಡಿಮೆ, ವಾಪಸ್ ಬರುವ ದಾರಿ ಮೊದಲೇ ಗೊತ್ತುಮಾಡಿಕೋ.

ಮೆನುವಿನ ಫೋಟೋ ಕಳಿಸು. ನಿಮ್ಮ ಮಾವ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಾರೆ, ಸ್ವೀಟ್‌ಬ್ರೆಡ್ ಇದೆಯಾ ನೋಡಿ ನನ್ನನ್ನು ರೇಗಿಸಲು.

ನಿನ್ನ ಅತ್ತೆ
ಮೈಸೂರು